ಆಂಡಾಳ್ ಮಿಸ್ಸಿನ ದಪ್ಪ ಕಾಗದ

ಚಾಮರಾಜಪೇಟೆಯ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಯಾರಿಗಾದರೂ ಪಾಠ ಮುಗಿಸುವುದು ಬಾಕಿ ಉಳಿದರೆ ಮೊದಲು ನೆನಪಾಗುತ್ತಿದ್ದವರು ಕ್ರಾಫ್ಟ್ ಕಲಿಸುವ ಆಂಡಾಳ್ ಮಿಸ್ಸು. ನೆನಪಾಗುತ್ತಿದ್ದುದು ಸಹಾಯ ಕೇಳುವುದಕ್ಕಲ್ಲ, ಅವರ ಪೀರಿಯಡ್ಡು ಕಿತ್ತುಕೊಳ್ಳುವುದಕ್ಕೆ. "ಮಿಸ್, ಇವತ್ತು ನಿಮ್ಮ ಪೀರಿಯಡ್ ನಂಗೆ ಕೊಟ್ಬಿಡಿ, ಜಾಮಿಟ್ರಿ ಹಾಗೇ ಉಳ್ಕೊಂಡಿದೆ" ಎಂದು ಗಣಿತದವರು ಬಾಗಿಲಲ್ಲಿ ಬಂದು ನಿಂತರೆ, ಆಂಡಾಳ್ ಮಿಸ್ಸು ಕತ್ತರಿ, ಗೋಂದು, ಅರ್ಧ ಹೆಣೆದ ವೈರ್ ಬುಟ್ಟಿಗಳನ್ನೆಲ್ಲ ಬೀರುವಿಗೆ ತುಂಬಿ ಸ್ಟಾಫ್ ರೂಮಿಗೆ ಹೋಗಿ ಕೂರಬೇಕು. ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಕ್ರಾಫ್ಟಿಗೆ ಪಬ್ಲಿಕ್ ಪರೀಕ್ಷೆ ಇಲ್ಲ; ಪರೀಕ್ಷೆ ಇಲ್ಲದ ವಿಷಯಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು? ಕೆಲಸಕ್ಕೆ ಸೇರಿದಾಗಿನಿಂದ ಹೀಗೆ ಪೀರಿಯಡ್ಡುಗಳನ್ನು ಧಾರೆ ಎರೆದು ಎರೆದು ಅವರೊಳಗೆ ಒಂದು ಉರಿ ಮನೆ ಮಾಡಿಕೊಂಡಿತ್ತು. ಹೊರಗೆ ಮಾತ್ರ ನಗುಮುಖ. "ಅದಕ್ಕೇನಂತೆ, ತೊಗೊಳ್ಳಿ" ಎನ್ನುತ್ತಿದ್ದರು.

ಆ ಉರಿಯೆಲ್ಲ ಹೊರಗೆ ಬರುತ್ತಿದ್ದುದು ಎನ್.ಆರ್. ಕಾಲೋನಿಯ ಮನೆಯಲ್ಲಿ, ಗಂಡನ ಮುಂದೆ. ರಾಘವ ಬ್ಯಾಂಕಿನಲ್ಲಿ ಗುಮಾಸ್ತರು, ಸಮಾಧಾನದ ಮನುಷ್ಯ. ಹೆಂಡತಿ ಕೂಗಾಡುವಷ್ಟು ಹೊತ್ತೂ ಪೇಪರು ಮಡಿಸಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, "ನಿನ್ನ ಸಬ್ಜೆಕ್ಟಿಗೂ ಒಂದು ಪರೀಕ್ಷೆ ಇಡ್ಲಿಲ್ವಲ್ಲ ಸರ್ಕಾರದೋರು, ಎಲ್ಲ ಅವರದ್ದೇ ತಪ್ಪು" ಎಂದು ಕಿಚಾಯಿಸಿ, ಡಿಕಾಕ್ಷನ್ ಇಳಿದಿದೆಯೇ ನೋಡಲು ಅಡುಗೆಮನೆಗೆ ಏಳುತ್ತಿದ್ದರು.

ಕಾಗದ ಮಾಡುವ ಹುಚ್ಚು ಹಿಡಿದದ್ದು ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ. ರಜೆಯಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಕಲಿತು ಬಂದರು. ಹಳೆಯ ಉತ್ತರಪತ್ರಿಕೆಗಳನ್ನು ಚೂರು ಮಾಡಿ ಬಕೆಟ್ಟಿನಲ್ಲಿ ನೆನೆಹಾಕಬೇಕು, ರುಬ್ಬಬೇಕು, ಸೊಳ್ಳೆಬಲೆ ಬಡಿದ ಮರದ ಚೌಕಟ್ಟಿನಲ್ಲಿ ಸೋಸಿ ಎತ್ತಬೇಕು, ಹಳೇ ಪಂಚೆಯ ಮೇಲೆ ಕವುಚಿ ಹಾಕಿ ಒಣಗಿಸಬೇಕು. ರುಬ್ಬುವುದಕ್ಕೆ ಮನೆಯ ಮಿಕ್ಸಿಯನ್ನೇ ಸ್ಕೂಲಿಗೆ ಒಯ್ದರು. ಆಮೇಲೆ ಮನೆಯಲ್ಲಿ ಚಟ್ನಿಗೆ ಒರಳೇ ಗತಿಯಾಯಿತು. ಹುಡುಗಿಯರಿಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ ಮೊಣಕೈವರೆಗೆ ತಿರುಳು ಮೆತ್ತಿಕೊಂಡು ಕೂತವರು ಬೆಲ್ಲು ಹೊಡೆದರೂ ಏಳುತ್ತಿರಲಿಲ್ಲ. ಗಣಿತದಲ್ಲಿ ಡುಮ್ಕಿ ಹೊಡೆದವಳ ಪೇಪರೂ ಫಸ್ಟ್ ಬಂದವಳ ಪೇಪರೂ ಒಂದೇ ಬಕೆಟ್ಟಿನಲ್ಲಿ ಕರಗಿ, ಶಾಯಿಯೆಲ್ಲ ಕಲೆತು, ತೆಳು ನೀಲಿಯ ಹಾಳೆಯಾಗಿ ಮೇಲೇಳುತ್ತಿತ್ತು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಸೇವಂತಿಗೆಯ ಎಸಳು. ಹಾಳೆ ದಪ್ಪ, ಒರಟು, ಅಂಚು ತರಿತರಿ. ಕೈಯಲ್ಲಿ ಹಿಡಿದರೆ ಅದಕ್ಕೊಂದು ತೂಕವಿತ್ತು. ಇಷ್ಟು ವರ್ಷದಲ್ಲಿ ತಾನು ಕಲಿಸಿದ್ದರಲ್ಲಿ ಇದೊಂದು ನಿಜವಾಗಿ ಕಲಿಸಿದ್ದು ಅನ್ನಿಸಿತು ಆಂಡಾಳ್ ಮಿಸ್ಸಿಗೆ.

ಆದರೆ ಎಲ್ಲರಿಗೂ ಹಾಗನ್ನಿಸಬೇಕಲ್ಲ. ಆಫೀಸಿನ ಹೆಡ್ ಕ್ಲಾರ್ಕ್ ನಾಗಭೂಷಣ್ ಅವರಿಗೆ ಮೊದಲ ದಿನದಿಂದಲೇ ಈ ಕಾಗದವನ್ನು ಕಂಡರೆ ಆಗುತ್ತಿರಲಿಲ್ಲ. ಹಳೇ ಉತ್ತರಪತ್ರಿಕೆಗಳನ್ನು ಕಟ್ಟಿ ರದ್ದಿಯವನಿಗೆ ಹಾಕುವುದು ಅವರ ಅಧಿಕಾರವಾಗಿತ್ತು. ಅದನ್ನು ಒಬ್ಬ ಕ್ರಾಫ್ಟ್ ಟೀಚರು ಬಂದು ಬಕೆಟ್ಟಿಗೆ ಹಾಕಿಕೊಂಡು ಹೋದರೆ ಅವರಿಗೆ ಹೇಗಾಗಬೇಡ? ಜೊತೆಗೆ ಸ್ಕೂಲಿನ ಜೆರಾಕ್ಸ್ ಮೆಷೀನು ಅವರ ಸುಪರ್ದಿಯಲ್ಲಿತ್ತು. ಹಳೆಯ ವಿದ್ಯಾರ್ಥಿನಿಯರು ಚಂದಾ ಎತ್ತಿ ಕೊಡಿಸಿದ ಮೆಷೀನು. ಅದಕ್ಕೆ ನಾಗಭೂಷಣ್ ಹೆಂಡತಿ ಹೊಲಿದುಕೊಟ್ಟ ಹೂಹೂವಿನ ಹೊದಿಕೆ. ಬೆಳಿಗ್ಗೆ ಬಂದವರೇ ಹೊದಿಕೆ ತೆಗೆದು ಮಡಿಸಿ, ಊದುಬತ್ತಿ ಬೆಳಗಿ, ಒಂದು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಸ್ವಿಚ್ಚು ಹಾಕುತ್ತಿದ್ದರು. ಇನ್ನೊಬ್ಬರು ಅದರ ಬಳಿ ಸುಳಿದರೆ ಕೂತ ಕುರ್ಚಿಯಿಂದಲೇ ಕೆಮ್ಮುತ್ತಿದ್ದರು.

ಮರುವರ್ಷ ಜುಲೈ ತಿಂಗಳಲ್ಲಿ ಹೆಡ್‌ಮಿಸ್ ಗಿರಿಜಾಂಬಾ ಆಂಡಾಳ್ ಮಿಸ್ಸನ್ನು ಕರೆಸಿ ಬಾಗಿಲು ಮುಂದಕ್ಕೆ ಹಾಕಿಕೊಂಡರು.

"ಟ್ರಸ್ಟಿನೋರು ಕಂಪ್ಯೂಟರ್ ರೂಮ್ ಮಾಡ್ಬೇಕು ಅಂತಿದಾರೆ ಆಂಡಾಳ್. ಬೇರೆ ರೂಮ್ ಎಲ್ಲಿದೆ ಹೇಳಿ? ನಿಮ್ಮ ಕ್ರಾಫ್ಟ್ ರೂಮ್ ಮೇಲೇ ಕಣ್ಣು ಬಿದ್ದಿದೆ."

"ಮತ್ತೆ ನನ್ನ ಮಕ್ಕಳು ಎಲ್ಲಿ ಕೆಲಸ ಮಾಡ್ಬೇಕು ಮೇಡಂ?"

"ರೂಮ್ ಹೋದ್ರೆ ಪೀರಿಯಡ್ಡೂ ಹೋಗುತ್ತೆ. ಸುಮ್ನೆ ಸುಳ್ಳು ಹೇಳೋದು ಯಾಕೆ?" ಗಿರಿಜಾಂಬಾ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಹೆಂಗಸಲ್ಲ. ಆದರೆ ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ದಾಟಿಸಿ ದಾಟಿಸಿ ಸ್ವಂತ ಮಾತು ಮರೆತುಹೋಗಿತ್ತು. "ಒಂದು ದಾರಿ ಇದೆ. ಅಧ್ಯಕ್ಷರು ಕಣ್ಣಲ್ಲಿ ಕಂಡಿದ್ದನ್ನ ನಂಬೋ ಮನುಷ್ಯ. ಡಿಸೆಂಬರಲ್ಲಿ ವಾರ್ಷಿಕೋತ್ಸವ ಇದೆಯಲ್ಲ, ಅದರ ಇನ್ವಿಟೇಷನ್ ನಿಮ್ಮ ಮಕ್ಕಳ ಪೇಪರ್ ಮೇಲೆ ಮಾಡಿ. ಹೊರಗಡೆ ಪ್ರೆಸ್ಸಿಗೆ ಕೊಡೋದು ಬೇಡ. ಪೇಪರೂ ನಮ್ಮದೇ, ಪ್ರಿಂಟೂ ನಮ್ಮದೇ ಅಂದ್ರೆ ಅದಕ್ಕೊಂದು ತೂಕ. ಆಗ ನಾನು ಮೀಟಿಂಗಲ್ಲಿ ಬಾಯಿ ತೆಗೀಬಹುದು."

ಆಂಡಾಳ್ ಮಿಸ್ಸಿಗೆ ಹೋದ ಜೀವ ಬಂದಂತಾಯಿತು. ಪೇಪರಿಗೇನು ಬರ? ಹುಡುಗಿಯರಿಗೆ ಹೇಳಿದ್ದೇ ತಡ, ಕ್ರಾಫ್ಟ್ ರೂಮಿನ ಕಿಟಕಿ, ಬೆಂಚು, ಬಾಗಿಲ ಮೇಲೆಲ್ಲ ಹಾಳೆಗಳು ಒಣಗತೊಡಗಿದವು. ಅದನ್ನು ಜೆರಾಕ್ಸ್ ಮೆಷೀನು ಒಪ್ಪುತ್ತದೋ ಇಲ್ಲವೋ ಎಂಬ ಯೋಚನೆ ಯಾರಿಗೂ ಬರಲಿಲ್ಲ. ಕಾಗದ ಅಂದ ಮೇಲೆ ಕಾಗದ ತಾನೆ ಅಂದುಕೊಂಡಿದ್ದರು.

ಮೊದಲ ಹಾಳೆಯನ್ನು ಟ್ರೇಯಲ್ಲಿಟ್ಟು ಗುಂಡಿ ಒತ್ತಿದಾಗ ಮೆಷೀನು ಅದನ್ನು ಒಳಗೆಳೆದುಕೊಂಡಿತು, ನಡುವೆಲ್ಲೋ ಕಟಕಟ ಸದ್ದು ಮಾಡಿತು, ನಿಂತಿತು. ಕೆಂಪು ದೀಪ ಮಿಣುಕಿತು. ನಾಗಭೂಷಣ್ ಕುರ್ಚಿಯಿಂದ ಎದ್ದು ಬಂದು, ಮುಂದಿನ ಬಾಗಿಲು ತೆಗೆದು, ಜಜ್ಜಿಹೋದ ಹಾಳೆಯನ್ನು ಎರಡು ಬೆರಳಲ್ಲಿ ಎಳೆದು ಆಂಡಾಳ್ ಮಿಸ್ಸಿನ ಕೈಗಿಟ್ಟರು.

"ಇದು ಪೇಪರ್ರಾ ಮಿಸ್, ಇಲ್ಲ ಹಪ್ಪಳಾನಾ?"

"ಹಪ್ಪಳ ಆಗಿದ್ರೆ ನೀವು ತಿಂದಿರ್ತಿದ್ರಿ. ಇನ್ನೊಂದು ಹಾಕ್ತೀನಿ, ಸ್ವಲ್ಪ ಸರಿಯಿರಿ."

ಇನ್ನೊಂದೂ ಸಿಕ್ಕಿಕೊಂಡಿತು. ಮತ್ತೊಂದು ಹೊರಬಂದಿತು, ಆದರೆ ಅಕ್ಷರಗಳೆಲ್ಲ ಅರ್ಧರ್ಧ. ಒರಟು ಹಾಳೆಯ ತಗ್ಗುಗಳಲ್ಲಿ ಮಸಿ ಕೂತೇ ಇರಲಿಲ್ಲ. 'ಸರ್ವರಿಗೂ ಆದರದ ಸ್ವಾಗತ' ಎನ್ನುವುದು ಇಲಿ ತಿಂದು ಬಿಟ್ಟ ಹಾಗೆ ಕಾಣುತ್ತಿತ್ತು. ಸೇವಂತಿಗೆಯ ಎಸಳು ಒಳಗಿನ ಬಿಸಿಗೆ ಕಂದಿ ಹೊಗೆಸೊಪ್ಪಾಗಿತ್ತು. ಕೈಯಿಂದ ಸವರಿದರೆ ಮಸಿ ಹುಡಿಹುಡಿಯಾಗಿ ಬೆರಳಿಗೆ ಬಂತು. ಆಂಡಾಳ್ ಮಿಸ್ಸಿಗೆ ಅಳು ಬರುವುದರ ಬದಲು ಸಿಟ್ಟು ಬಂತು. ನಾಗಭೂಷಣ್ ಎದುರಿಗೆ ಅಳುವುದು ಸಾಧ್ಯವೇ ಇರಲಿಲ್ಲ ಬಿಡಿ.

ಅಲ್ಲಿಂದ ಶುರುವಾಯಿತು ಅವರ ಗೋಳು. ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗಳಲ್ಲಿ ಕೇಳಿನೋಡಿದರು, ಕನಿಷ್ಠ ಹೇಗೆ ಮಾಡಬೇಕೆಂದಾದರೂ ತಿಳಿಯಲಿ ಎಂದು. ಒಬ್ಬ ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಬೇಡ ಮೇಡಂ, ಮೆಷೀನಿನ ಒಳಗಿನ ಡ್ರಮ್ ಹೋಗ್ಬಿಡುತ್ತೆ" ಎಂದು ತಿರುಗಿಸಿ ಕೊಟ್ಟ. ಇನ್ನೊಬ್ಬ ಹಾಳೆಯನ್ನು ಮುಟ್ಟಲೂ ಇಲ್ಲ. ನೋಡಿದ ಕೂಡಲೇ ಮೆಷೀನಿನ ಮುಂದೆ ಅಡ್ಡ ನಿಂತ. ಮಗಳ ಮದುವೆ ಮಾತಿಗೆ ಬಂದವರನ್ನು ಬಾಗಿಲಲ್ಲೇ ಸಾಗಹಾಕಿದ ಹಾಗಾಯಿತು ಅವರಿಗೆ. ಬಿಸಿಲಲ್ಲಿ ನಡೆದು ಮನೆ ಸೇರಿದವರು ಚಪ್ಪಲಿಯನ್ನು ಎಸೆದ ರಭಸಕ್ಕೆ ರಾಘವ ಒಳಗಿನಿಂದಲೇ ಕಾಫಿಗಿಟ್ಟರು.

ಹಾಗೆಂದು ಬಿಡುವ ಹೆಂಗಸಲ್ಲ. ಎಸಳು ಹಾಕುವುದನ್ನು ನಿಲ್ಲಿಸಿದರು. ಹುಡುಗಿಯರು ಬೇಜಾರು ಮಾಡಿಕೊಂಡರು. ಹೂವಿಲ್ಲದಿದ್ದರೆ ಅದು ಬೋಳು ಬೋಳು ಎಂದರು. ತಿರುಳನ್ನು ಇನ್ನೂ ನುಣ್ಣಗೆ ರುಬ್ಬಿಸಿ ತೆಳ್ಳಗೆ ಹಾಕಿಸಿದರು. ಒಣಗಿದ ಹಾಳೆಗಳನ್ನು ಮನೆಗೆ ತಂದು, ಊಟವಾದ ಮೇಲೆ ಹಾಲಿನಲ್ಲಿ ಕಂಬಳಿ ಹಾಸಿ ಒಂದೊಂದನ್ನೇ ಇಸ್ತ್ರಿ ಮಾಡಿದರು. ತರಿತರಿ ಅಂಚನ್ನು ಕತ್ತರಿಸಿ ನೇರ ಮಾಡುವಾಗ ಮಾತ್ರ ಅವರಿಗೆ ಕರುಳು ಚುರುಕ್ಕೆಂದಿತು. ಆ ಅಂಚೇ ತಾನೆ ಅದು ಕೈಯಲ್ಲಿ ಮಾಡಿದ್ದೆಂದು ಹೇಳುತ್ತಿದ್ದುದು?

"ಇಷ್ಟೆಲ್ಲ ಮಾಡಿ ಕೊನೆಗೆ ಅಂಗಡಿ ಪೇಪರ್ ಥರಾನೇ ಮಾಡ್ತಿದೀಯಲ್ಲೇ" ಎಂದರು ರಾಘವ.

"ಮೆಷೀನಿಗೆ ಹೇಳಿ ಅದನ್ನ. ನನಗ್ಯಾಕೆ ಹೇಳ್ತೀರಿ?"

ರಾಘವ ಇನ್ನೊಂದು ಹಾಳೆ ಎತ್ತಿಕೊಟ್ಟರು.

ಅಕ್ಟೋಬರ್ ಬಂತು. ಆಯುಧಪೂಜೆಯ ದಿನ ಬೆಳಿಗ್ಗೆ ಆಂಡಾಳ್ ಮಿಸ್ಸು ಎಲ್ಲರಿಗಿಂತ ಮುಂಚೆ ಸ್ಕೂಲಿಗೆ ಬಂದರು. ಮೆಷೀನಿನ ಪಕ್ಕದಲ್ಲಿ ಮಡಚಿಕೊಂಡಿರುವ ಒಂದು ಸಣ್ಣ ಟ್ರೇ ಇರುವುದನ್ನು ಅವರು ಹಿಂದಿನ ವಾರ ಕಂಡುಕೊಂಡಿದ್ದರು. ಅದನ್ನು ಬಿಚ್ಚಿ, ಇಸ್ತ್ರಿ ಮಾಡಿದ ಹಾಳೆಯೊಂದನ್ನು ಕೈಯಲ್ಲೇ ಮೆಲ್ಲಗೆ ಒಳಗೆ ಬಿಟ್ಟರು. ಮೆಷೀನು ಎಳೆದುಕೊಂಡಿತು. ಸದ್ದು ಮಾಡಿತು. ಆಚೆಯಿಂದ ಹಾಳೆ ಹೊರಗೆ ಬಂತು, ಸುಕ್ಕಿಲ್ಲದೆ, ಅಕ್ಷರ ಮುಕ್ಕಾಗದೆ. ಅವರು ಅದನ್ನು ಎದೆಗೆ ಒತ್ತಿ ಹಿಡಿದು ಸುತ್ತ ನೋಡಿದರು. ತೋರಿಸುವುದಕ್ಕೆ ಆಫೀಸಿನಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ನಾಗಭೂಷಣ್ ಹೂವು, ಹಣ್ಣು, ನಿಂಬೆಹಣ್ಣಿನ ಚೀಲ ಹಿಡಿದು ಬಂದರು. ಅವತ್ತು ಅವರದ್ದೇ ದಿನ. ಟೈಪ್‌ರೈಟರು, ಗಂಟೆ, ಲ್ಯಾಬಿನ ತಕ್ಕಡಿ, ಕತ್ತರಿಗಳು, ಎಲ್ಲದಕ್ಕೂ ಪೂಜೆಯಾಯಿತು. ಜೆರಾಕ್ಸ್ ಮೆಷೀನಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಮಾರುದ್ದ ಸೇವಂತಿಗೆ ಹಾರ, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು. ಮಂಗಳಾರತಿಯಾಗುತ್ತಲೇ ಎಲ್ಲರೂ ಅಕ್ಷತೆ ಹಾಕಿದರು. ಆಂಡಾಳ್ ಮಿಸ್ಸು ಹಿಡಿ ತುಂಬ ತೆಗೆದುಕೊಂಡು ಕಣ್ಣು ಮುಚ್ಚಿ, 'ನನ್ನ ಮಕ್ಕಳ ಕಾಗದ ನುಂಗದೆ ಕಾಪಾಡಪ್ಪ' ಎಂದು ಬೇಡಿಕೊಂಡು, ಬಿಚ್ಚಿದ ಟ್ರೇಯ ಕಡೆಯಿಂದಲೇ ಹಾಕಿದರು. ಪಕ್ಕದಲ್ಲಿ ನಿಂತ ಗಿರಿಜಾಂಬಾ, ಗಣಿತದವರು, ಎಲ್ಲರೂ ಅಲ್ಲಿಗೇ ಹಾಕಿದರು. ಪೂಜೆ ಮಾಡಿದ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ಸಿಹಿ ಹಂಚಿ, ಹೊದಿಕೆ ಹೊದಿಸಿ, ರಜೆಗೆ ಬೀಗ ಹಾಕಿದರು.

ರಜೆ ಮುಗಿಸಿ ಬಂದು ಸ್ವಿಚ್ಚು ಹಾಕಿದರೆ ಮೆಷೀನು ಮುಷ್ಕರ ಹೂಡಿತ್ತು. ದಪ್ಪ ಕಾಗದ ಹಾಗಿರಲಿ, ಮಾಮೂಲಿ ಬಿಳಿ ಕಾಗದವನ್ನೂ ಒಳಗೆ ಎಳೆದುಕೊಂಡು ಹರಿದು ಹಾಕಿತು. ಬಂದ ಒಂದೆರಡು ಪ್ರತಿಯ ಉದ್ದಕ್ಕೂ ಗೀಚಿದ ಗೆರೆ. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯಬೇಕಾದ ಸಮಯ ಬೇರೆ. ನಾಗಭೂಷಣ್ ಒಳಗೆ ಕೈಹಾಕಿ ಒಂದಷ್ಟು ನೀಲಿ ನಾರು ಹೆಕ್ಕಿ ತೆಗೆದು ಹೆಡ್‌ಮಿಸ್ ಮೇಜಿನ ಮೇಲಿಟ್ಟರು. ಅದು ಯಾರ ಕಾಗದದ ನಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ನಾನು ಮೊದಲೇ ಹೇಳಿದ್ದೆ ಮೇಡಂ" ಎಂದರು ನಾಗಭೂಷಣ್.

ಅವತ್ತಿನಿಂದ ಆಂಡಾಳ್ ಮಿಸ್ಸು ಸ್ಕೂಲಿಗೆಲ್ಲ ಅಪರಾಧಿ. ಪ್ರಶ್ನೆಪತ್ರಿಕೆಯನ್ನು ಬೋರ್ಡಿನ ಮೇಲೆ ಬರೆಯಬೇಕಾಗಿ ಬಂದ ಮೇಷ್ಟರುಗಳು ಸ್ಟಾಫ್ ರೂಮಿನಲ್ಲಿ ಅವರು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಪೀರಿಯಡ್ಡು ಕೇಳುವವರು ಈಗ ಕೇಳುವುದನ್ನೂ ಬಿಟ್ಟರು. ನೇರವಾಗಿ ಕ್ಲಾಸಿಗೆ ಹೋಗಿ ಪಾಠ ಶುರುಮಾಡಿಬಿಡುತ್ತಿದ್ದರು. ಗಿರಿಜಾಂಬಾ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಇನ್ವಿಟೇಷನ್ನಿನ ಮಾತೂ ಎತ್ತಲಿಲ್ಲ. ಕ್ರಾಫ್ಟ್ ರೂಮಿನಲ್ಲಿ ಹಾಳೆಗಳು ಕಟ್ಟು ಕಟ್ಟಾಗಿ ಕೂತಿದ್ದವು. ಹುಡುಗಿಯರು "ಯಾವಾಗ ಮಿಸ್ ಪ್ರಿಂಟ್ ಮಾಡೋದು?" ಎಂದು ಕೇಳಿದಾಗಲೆಲ್ಲ ಅವರು "ಮಾಡೋಣ" ಎನ್ನುತ್ತಿದ್ದರು. ಪೂಜೆಯ ದಿನ ತಾನು ಹಾಕಿದ್ದು ಒಂದೇ ಒಂದು ಹಾಳೆ, ಅದೂ ಸರಿಯಾಗಿ ಬಂದ ಹಾಳೆ. ಅದರಿಂದ ಹೇಗೆ ಕೆಟ್ಟಿತು? ಯಾರನ್ನು ಕೇಳುವುದು?

ಎಷ್ಟೋ ಫೋನುಗಳಾದ ಮೇಲೆ ನವೆಂಬರಿನಲ್ಲಿ ಮೆಕ್ಯಾನಿಕ್ ಮಾಯಣ್ಣ ಬಂದರು. ಆಫೀಸಿನಲ್ಲಿ ಎಲ್ಲರೂ ಸುತ್ತ ನಿಂತರು. ಆಂಡಾಳ್ ಮಿಸ್ಸು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು, ನೇಣಿನ ತೀರ್ಪು ಕೇಳಲು ಬಂದವರಂತೆ. ಮಾಯಣ್ಣ ನೆಲದ ಮೇಲೆ ಪೇಪರು ಹಾಸಿ ಪಕ್ಕದ ಮುಚ್ಚಳ ಬಿಚ್ಚಿ ಅಲ್ಲಾಡಿಸಿದರು. ಹಳದಿ ಅಕ್ಕಿಕಾಳು ಪಟಪಟನೆ ಉದುರಿದವು. ಮತ್ತೆ ಅಲ್ಲಾಡಿಸಿದರೆ ಮತ್ತಷ್ಟು. ರೋಲರಿನ ಸಂದಿಯಲ್ಲಿ, ಹಲ್ಲುಚಕ್ರದಲ್ಲಿ, ಎಲ್ಲಿ ನೋಡಿದರೂ ಅಕ್ಷತೆ. ಡ್ರಮ್ಮಿನ ಮೇಲೆ ಕುಂಕುಮದ ಗೀಟು.

ಮಾಯಣ್ಣ ಕಾಳುಗಳನ್ನು ಒಂದುಗೂಡಿಸಿ, ಕಣ್ಣಿಗೊತ್ತಿಕೊಂಡು, ಕಾಲಿಗೆ ಸಿಗಬಾರದೆಂದು ಕಿಟಕಿಯ ಮೇಲಿಟ್ಟರು.

"ದಸರಾ ಆದ್ಮೇಲೆ ಊರಲ್ಲೆಲ್ಲ ಇದೇ ಕೆಲಸ ನಮಗೆ" ಎಂದರು. "ನಮ್ಮ ಕಂಪನಿ ಆಫೀಸಿಗೆ ಹೇಳ್ಬೇಕಾದ್ರೆ ಮಾತ್ರ ದಪ್ಪ ಪೇಪರ್ ಹಾಕಿದ್ರು ಅಂತೀನಿ. ಅಕ್ಷತೆ ಅಂದ್ರೆ ನಗ್ತಾರೆ ಅಲ್ಲಿ."

"ಅದ್ಹೇಗ್ರೀ ಹಾಗಂತೀರಾ?" ಆಂಡಾಳ್ ಮಿಸ್ಸಿನ ದನಿ ತಾನಾಗಿಯೇ ಏರಿತು. "ತಿಂಗಳಿಂದ ಎಲ್ಲರ ಬಾಯಲ್ಲೂ ನಾನೇ. ಕಣ್ಣೆದುರಿಗೆ ಅಕ್ಕಿ ಬಿತ್ತು, ಆದ್ರೂ ದಪ್ಪ ಪೇಪರ್ರಾ?"

ನಾಗಭೂಷಣ್ ಕೆಮ್ಮಿದರು. "ಆ ಸೈಡ್ ಟ್ರೇ ಯಾವಾಗ್ಲೂ ಮುಚ್ಚಿರುತ್ತೆ. ಅವತ್ತು ತೆಗೆದಿಟ್ಟಿದ್ದು ಯಾರು ಅಂತ ಕೇಳಿ ಮೇಡಂ. ಅದು ಮುಚ್ಚಿದ್ದಿದ್ರೆ ಅಕ್ಷತೆ ಒಳಗೆ ಹೋಗ್ತಾನೇ ಇರ್ಲಿಲ್ಲ."

ಆಂಡಾಳ್ ಮಿಸ್ಸಿಗೆ ಮೈಯೆಲ್ಲ ಉರಿದುಹೋಯಿತು. ಉರಿದರೇನು, ಟ್ರೇ ತೆಗೆದಿಟ್ಟವರು ಅವರೇ. ಎಲ್ಲರಿಗಿಂತ ದೊಡ್ಡ ಹಿಡಿ ಹಾಕಿದ್ದು ತಾನೇ ಎನ್ನುವುದೂ ನೆನಪಾಯಿತು. ಗಿರಿಜಾಂಬಾ ಎಂದಿನಂತೆ ನಡುವೆ ಬಂದು, "ದೇವರ ಕೆಲಸದ ವಿಷಯ, ಅದನ್ನೆಲ್ಲ ದೊಡ್ಡದು ಮಾಡೋದು ಬೇಡ. ಇನ್ನು ಮೇಲೆ ಎಲ್ಲರೂ ಹುಷಾರಾಗಿರೋಣ" ಎಂದರು. ಎಲ್ಲರೂ ಎಂದರೆ ಯಾರೆಂದು ಎಲ್ಲರಿಗೂ ತಿಳಿದಿತ್ತು.

ಆಗ ಆಂಡಾಳ್ ಮಿಸ್ಸು ಹೆಡ್‌ಮಿಸ್ ಮೇಜಿನ ಮುಂದೆ ಬಂದು ನಿಂತರು. ಅಷ್ಟು ವರ್ಷ "ಅದಕ್ಕೇನಂತೆ" ಎಂದ ಬಾಯಿ ಅದು.

"ಮೇಡಂ, ನಂಗೆ ಒಂದು ಶನಿವಾರ ಮಧ್ಯಾಹ್ನ ಮೆಷೀನ್ ಕೊಡಿ. ಯಾರೂ ಹತ್ರ ಬರೋದು ಬೇಡ. ಇನ್ವಿಟೇಷನ್ ಆಗ್ಲಿಲ್ಲ ಅಂದ್ರೆ ಕ್ರಾಫ್ಟ್ ರೂಮಿನ ಬೀಗದಕೈ ನಾನೇ ತಂದು ಇಲ್ಲಿ ಇಡ್ತೀನಿ. ಟ್ರಸ್ಟಿನೋರು ಕೇಳೋದೂ ಬೇಡ."

ಗಿರಿಜಾಂಬಾ ನಾಗಭೂಷಣರ ಮುಖ ನೋಡಿದರು, ಆಂಡಾಳ್ ಮಿಸ್ಸಿನ ಮುಖ ನೋಡಿದರು. "ಆಯ್ತು, ಒಂದು ಸಲ" ಎಂದರು.

ಸ್ಕ್ರೂ ಬಿಗಿಯುತ್ತಿದ್ದ ಮಾಯಣ್ಣನಿಗೆ ಪಾಪ ಅನ್ನಿಸಿತೋ ಏನೋ. ಹೊರಡುವ ಮುಂಚೆ ಆಂಡಾಳ್ ಮಿಸ್ಸನ್ನು ಮೆಷೀನಿನ ಹಿಂದೆ ಕರೆದು ಅಲ್ಲಿನ ಬಾಗಿಲೊಂದನ್ನು ತೆರೆದು ತೋರಿಸಿದರು. ಸಾಮಾನ್ಯ ಕಾಗದ ಒಳಗೆ ಸುತ್ತಿ ಬಳಸಿ ಮೇಲೆ ಬರುತ್ತದೆ. ಇದನ್ನು ತೆರೆದಿಟ್ಟರೆ ಪಕ್ಕದ ಟ್ರೇಯಲ್ಲಿ ಹೋದದ್ದು ಬಗ್ಗದೆ ನೇರ ಹಿಂದಕ್ಕೆ ಬರುತ್ತದೆ. "ದಪ್ಪ ಪೇಪರ್ ಬಗ್ಗಲ್ಲ ಮೇಡಂ. ಬಗ್ಗಿಸೋಕೆ ಹೋದಾಗ್ಲೇ ತಕರಾರು" ಎಂದರು.

ಆ ಶನಿವಾರ ಆಂಡಾಳ್ ಮಿಸ್ಸು ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ. ಪ್ರತಿ ಹಾಳೆಯನ್ನೂ ಮೆದುಬಟ್ಟೆಯಿಂದ ಉಜ್ಜಿ ನಾರು ಹುಡಿ ತೆಗೆದರು. ಒಮ್ಮೆ ಖಾಲಿಯಾಗಿಯೇ ಒಳಗೆ ಕಳಿಸಿ ಬಿಸಿ ಮಾಡಿದರು, ಆಮೇಲೆ ಅಕ್ಷರಕ್ಕೆ ಕಳಿಸಿದರು. ಸ್ವಲ್ಪ ಓರೆಯಾದರೂ ಸಿಕ್ಕಿಕೊಳ್ಳುತ್ತದೆ, ನೇರ ಬಿಟ್ಟರೆ ಹೋಗುತ್ತದೆ. ಎಷ್ಟೋ ಹಾಳಾದವು, ಬಾಗಿಲು ತೆಗೆದು ಎಳೆದು ಬೆರಳ ತುದಿ ಬೊಬ್ಬೆ ಬಂತು. ಬರುಬರುತ್ತಾ ಕೈಗೆ ಅದರ ಹದ ಸಿಕ್ಕಿತು. ರೋಲರು ಹಿಡಿದುಕೊಳ್ಳುವ ಗಳಿಗೆ ಬೆರಳಿಗೇ ತಿಳಿಯುತ್ತಿತ್ತು, ಆಗ ಬಿಡಬೇಕು, ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ. ಸಂಜೆ ಕಾವಲುಗಾರ ಬಂದು ದೀಪ ಹಾಕುವ ಹೊತ್ತಿಗೆ ಬೇಕಾದಷ್ಟು ಇನ್ವಿಟೇಷನ್ ಮೇಜಿನ ಮೇಲಿದ್ದವು. ತೆಳು ನೀಲಿಯ ಮೇಲೆ ಅಚ್ಚ ಕಪ್ಪು ಅಕ್ಷರ. ಸೋಮವಾರ ಹುಡುಗಿಯರು ಅಂಟಿನಲ್ಲಿ ಒಂದೊಂದು ಸೇವಂತಿಗೆ ಎಸಳನ್ನು ಮೇಲಿನಿಂದ ಅಂಟಿಸಿದರು. ನಾಗಭೂಷಣ್ ಒಂದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು. ಆಂಡಾಳ್ ಮಿಸ್ಸಿಗೆ ಅದು ಗೆದ್ದ ಹಾಗೇ ಅನ್ನಿಸಿತು.

ವಾರ್ಷಿಕೋತ್ಸವದ ದಿನ ಅಂಗಳ ತುಂಬ ಜನ. ಬಂದವರೆಲ್ಲರ ಕೈಯಲ್ಲೂ ಆ ನೀಲಿ ಹಾಳೆ. ಟ್ರಸ್ಟಿನ ಅಧ್ಯಕ್ಷರು ಶಿವರುದ್ರಪ್ಪ, ಚಿಕ್ಕಪೇಟೆಯ ಜವಳಿ ವರ್ತಕರು, ಭಾಷಣದ ನಡುವೆ ಇನ್ವಿಟೇಷನ್ನನ್ನು ಎತ್ತಿ ಹಿಡಿದರು. ಆಂಡಾಳ್ ಮಿಸ್ಸು ಪಕ್ಕದ ಸಾಲಿನಲ್ಲಿ, ಒಳ್ಳೆಯ ಸೀರೆಯುಟ್ಟು ಕೂತಿದ್ದರು. ಅವರ ಹಿಂದೆ ಹುಡುಗಿಯರು ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದರು.

"ಬಟ್ಟೆ ವ್ಯಾಪಾರದಲ್ಲಿ ಬೆಳೆದೋನು ನಾನು, ಕೈಲಿ ಮುಟ್ಟಿದ್ರೆ ಮಾಲು ಗೊತ್ತಾಗುತ್ತೆ" ಎಂದರು ಶಿವರುದ್ರಪ್ಪ. "ಇದು ಮಕ್ಕಳು ಮಾಡಿದ ಕಾಗದ ಅಂತೆ. ಬಹಳ ಸಂತೋಷ. ಆದ್ರೆ ನಂಗೆ ಆಶ್ಚರ್ಯ ಆಗಿದ್ದು ಏನು ಅಂದ್ರೆ, ಇಂಥ ಒರಟು ಕಾಗದದ ಮೇಲೂ ನಮ್ಮ ಸ್ಕೂಲಿನ ಮೆಷೀನು ಎಷ್ಟು ಚೆನ್ನಾಗಿ ಪ್ರಿಂಟ್ ಮಾಡಿದೆ ನೋಡಿ. ಒಂದು ಮೆಷೀನು ಬಂದಿದ್ದಕ್ಕೇ ಇಷ್ಟಾಯ್ತು. ನಾಳೆ ಕಂಪ್ಯೂಟರ್ ಬಂದ್ರೆ ನಮ್ಮ ಹೆಣ್ಣುಮಕ್ಕಳು ಇನ್ನೆಷ್ಟು ಮುಂದೆ ಹೋಗಬಹುದು, ಯೋಚನೆ ಮಾಡಿ. ಬರೋ ಜೂನಿಗೆ ಕಂಪ್ಯೂಟರ್ ರೂಮ್ ಗ್ಯಾರಂಟಿ."

ಚಪ್ಪಾಳೆ ಬಿತ್ತು. ಕಂಪ್ಯೂಟರ್ ಎಂದ ಕೂಡಲೇ ಹಿಂದಿನ ಹುಡುಗಿಯರೂ ಜೋರಾಗಿ ತಟ್ಟಿದರು. ಯಾಕೆ ತಟ್ಟಬಾರದು, ಅವರಿಗೂ ಆಸೆಯಿರುವುದಿಲ್ಲವೇ? ಆಂಡಾಳ್ ಮಿಸ್ಸು ವೇದಿಕೆಯ ಮೇಲಿದ್ದ ಗಿರಿಜಾಂಬಾರನ್ನು ನೋಡಿದರು. ಗಿರಿಜಾಂಬಾ ಹೂಗುಚ್ಛದ ರಿಬ್ಬನ್ನು ಸರಿಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಅಷ್ಟೆಲ್ಲ ಇಸ್ತ್ರಿ ಮಾಡಿ, ಉಜ್ಜಿ, ಅಂಚು ಕತ್ತರಿಸಿ, ಕಾಗದವನ್ನು ಮೆಷೀನಿಗೆ ಒಗ್ಗಿಸಿದ್ದು ತಾನು. ಹೆಸರು ಮೆಷೀನಿಗೆ. ಇದನ್ನು ಎದ್ದು ನಿಂತು ಹೇಳಬೇಕೆಂದು ನಾಲಿಗೆ ತುರಿಸಿತು. ವಾರ್ಷಿಕೋತ್ಸವದಲ್ಲಿ ಕ್ರಾಫ್ಟ್ ಟೀಚರು ಎದ್ದು ನಿಂತು ಅಧ್ಯಕ್ಷರನ್ನು ತಿದ್ದುವುದುಂಟೇ? ಕೂತೇ ಇದ್ದರು. ಅವರ ಕೈಗಳೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದವು.

ಮನೆಯಲ್ಲಿ ಅವತ್ತು ಅವರು ಕೂಗಾಡಲಿಲ್ಲ. ರಾಘವ ಕಿಚಾಯಿಸಲೂ ಇಲ್ಲ.

ಬೇಸಿಗೆಯಲ್ಲಿ ಕ್ರಾಫ್ಟ್ ರೂಮಿಗೆ ಸುಣ್ಣ ಬಳಿದು ಉದ್ದುದ್ದ ಮೇಜು ಹಾಕಿದರು. ಬಕೆಟ್ಟು, ಚೌಕಟ್ಟುಗಳು ಮಹಡಿ ಮೆಟ್ಟಿಲ ಕೆಳಗೆ ಹೋದವು. ಸ್ಕೂಲು ಶುರುವಾಗುವ ಮುಂಚಿನ ವಾರ ಗಿರಿಜಾಂಬಾ ಆಂಡಾಳ್ ಮಿಸ್ಸನ್ನು ಕರೆಸಿದರು.

"ನಿಮ್ಮ ಆ ಪೇಪರ್ ಇನ್ನೂ ಉಳಿದಿದೆಯಲ್ವಾ ಆಂಡಾಳ್? ಹೊಸ ಟೈಂಟೇಬಲ್ ಕ್ಲಾಸಿಗೊಂದು ಅಂಟಿಸ್ಬೇಕು. ಮಾಮೂಲಿ ಪೇಪರ್ ಆದ್ರೆ ಎರಡೇ ತಿಂಗಳಿಗೆ ಹರಿದುಹೋಗುತ್ತೆ. ನಿಮ್ಮದು ಗಟ್ಟಿ, ವರ್ಷ ಪೂರ್ತಿ ಇರುತ್ತೆ. ಅದನ್ನ ಮೆಷೀನಿಗೆ ಹಾಕೋಕೆ ನಿಮ್ಮನ್ನ ಬಿಟ್ರೆ ಯಾರಿಗೂ ಬರಲ್ಲ ನೋಡಿ."

ಆಂಡಾಳ್ ಮಿಸ್ಸು ಟೈಂಟೇಬಲ್ಲನ್ನು ತೆಗೆದುಕೊಂಡು ನಿಂತಲ್ಲೇ ಓದಿದರು. ಎಂಟನೇ ಕ್ಲಾಸು, ಒಂಬತ್ತು, ಹತ್ತು. ಕ್ರಾಫ್ಟ್ ಇದ್ದ ಮನೆಗಳಲ್ಲೆಲ್ಲ ಕಂಪ್ಯೂಟರ್. ತನ್ನ ಹೆಸರು ಕೊನೆಯ ಸಾಲಿನಲ್ಲಿತ್ತು: ಲೈಬ್ರರಿ, ಮತ್ತು ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸು ನೋಡಿಕೊಳ್ಳುವುದು.

ಅವರು ಹಾಳೆಗಳನ್ನು ತಂದರು. ಮೊದಮೊದಲು ಮಾಡಿದ, ಎಸಳು ಹಾಕಿದ ಹಾಳೆಗಳನ್ನು ಬೇರೆ ಎತ್ತಿಟ್ಟು, ಉಳಿದವನ್ನು ಉಜ್ಜಿದರು. ಪಕ್ಕದ ಟ್ರೇ ಬಿಚ್ಚಿ, ಹಿಂದಿನ ಬಾಗಿಲು ತೆರೆದರು. ನಾಗಭೂಷಣ್ ತಾವಾಗಿಯೇ ಸ್ಟೂಲು ತಂದು ಹತ್ತಿರ ಹಾಕಿಕೊಟ್ಟರು.

ಮೊದಲ ಹಾಳೆ ಬಿಡುವಾಗ ಆಂಡಾಳ್ ಮಿಸ್ಸಿನ ಮನಸ್ಸು ಬೇಡಿಕೊಂಡಿತು, ಸಿಕ್ಕಿಕೊಳ್ಳಲಿ ಎಂದು. ಒಂದಾದರೂ ಸಿಕ್ಕಿಕೊಳ್ಳಲಿ, ಒಳಗೆ ಜಜ್ಜಿಹೋಗಲಿ, ಕೆಂಪು ದೀಪ ಹತ್ತಲಿ. ಬೇಡಿಕೊಳ್ಳಬೇಕಾಗಿಯೂ ಇರಲಿಲ್ಲ. ಒಂದು ಕೂದಲೆಳೆಯಷ್ಟು ಓರೆ ಹಿಡಿದರೆ ಸಾಕೆಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬೆರಳಿಗೆ ಓರೆ ಹಿಡಿ ಎಂದು ಹೇಳಿದರು. ಬೆರಳು ಕೇಳಲಿಲ್ಲ. ಮಕ್ಕಳು ಮಾಡಿದ ಹಾಳೆ ಅದು, ಜಜ್ಜಲು ಕೈ ಬರಲಿಲ್ಲ. ಒಂದರ ಹಿಂದೆ ಒಂದು, ಬಗ್ಗದೆ, ಬೆಚ್ಚಗೆ, ಎಲ್ಲ ಹಾಳೆಗಳೂ ಹೊರಗೆ ಬಂದವು.

ನಾಗಭೂಷಣ್ ಅವನ್ನು ಜೋಡಿಸಿ ಮೇಜಿಗೆ ತಟ್ಟಿ ಅಂಚು ಸಮ ಮಾಡಿದರು. ಒಂದೂ ಹಾಳಾಗಿಲ್ಲವೆಂದು ಕಂಡು ತಲೆದೂಗಿದರು.

"ಈಗ ನೋಡಿ ಮಿಸ್, ಕೈ ಕುದುರ್ತು ನಿಮಗೆ" ಎಂದರು. ಅವರು ಅದನ್ನು ಮನಸಾರೆ ಮೆಚ್ಚಿಯೇ ಹೇಳಿದ್ದರು.